ನಾಲ್ಕು ಪ್ರೊಟೀನ್‌ಗಳ ಪರೀಕ್ಷೆ ಕಲಬುರಗಿಯಲ್ಲೇ ಆಗಲಿ: ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು, ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ, ಕಲಬುರಗಿ
ಪ್ರತಿಗಳು: ವೈದ್ಯಕೀಯ ಶಿಕ್ಷಣ ಇಲಾಖೆ ಹಾಗೂ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ಬೆಂಗಳೂರು

ಮಾನ್ಯರೆ,

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಅರ್ಜಿಯ ಕೊನೆಯ ಪುಟದವರೆಗೆ ಓದುವ ಪುರುಸೊತ್ತು ಕಚೇರಿಗಳಲ್ಲಿ ಇರುವುದಿಲ್ಲ ಎಂಬುದು ಸರ್ಕಾರಿ ನೌಕರಿ ಮಾಡಿಯೇ ನಿವೃತ್ತನಾದ ನನಗೆ ಗೊತ್ತು. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ದೊಡ್ಡ ಕರುಳಿನ ಅಥವಾ ಗುದನಾಳದ ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಖಚಿತವಾದ ಪ್ರತಿಯೊಬ್ಬರ ತುಣುಕಿನ ಮೇಲೂ ಡಿಎನ್‌ಎ ದುರಸ್ತಿ ಪ್ರೊಟೀನ್‌ಗಳ (ಎಂಎಂಆರ್) ಪರೀಕ್ಷೆ ಆಗಬೇಕು. ವಯಸ್ಸು ನೋಡಬಾರದು, ರೇಷನ್ ಕಾರ್ಡಿನ ಬಣ್ಣ ನೋಡಬಾರದು, "ನಿಮ್ಮ ಮನ್ಯಾಗ ಮೊದಲ ಯಾರಿಗರ ಕ್ಯಾನ್ಸರ್ ಇತ್ತೇನು?" ಎಂದು ಕೇಳಿ ಬಂದ ಉತ್ತರದ ಮೇಲೆ ತೀರ್ಮಾನಿಸಬಾರದು. ಪರೀಕ್ಷೆ ಕಲಬುರಗಿಯಲ್ಲೇ ನಡೆಯಬೇಕು, ಅದರ ಬಿಲ್ಲು ರೋಗಿಯ ಕೈಗೆ ಹೋಗಬಾರದು.

ಇಷ್ಟೇ ಬೇಡಿಕೆ. ಯಾಕೆ ಎಂಬುದು ಮುಂದಿನ ಮಾತು.

ನಾನು ಪೆಥಾಲಜಿಸ್ಟ್. ರೋಗಿಗಳು ನಮ್ಮ ಮುಖ ನೋಡುವುದಿಲ್ಲ, ನಾವೂ ಅವರ ಮುಖ ನೋಡುವುದು ಕಡಿಮೆ. ನೋಡುವುದು ಅವರ ಕರುಳಿನ ತುಣುಕನ್ನು, ಗಾಜಿನ ಸ್ಲೈಡಿನ ಮೇಲೆ. ಇದನ್ನು ಟಪಾಲಿನಲ್ಲಿ ಕಳಿಸಿ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬಹುದಿತ್ತು. ಬಹಿರಂಗವಾಗಿ ಬರೆಯುತ್ತಿರುವುದು ರೋಗಿಗಳ ಮನೆಯವರೂ ಓದಲಿ ಎಂದು. ಅವರು ವಾರ್ಡಿನಲ್ಲಿ ನಿಂತು "ಸರ, ಎಂಎಂಆರ್ ಟೆಸ್ಟ್ ಮಾಡೀರೇನ್ರಿ?" ಎಂದು ಕೇಳುವಂತಾದರೆ ಇಲಾಖೆಯ ಸುತ್ತೋಲೆಗಿಂತ ಬೇಗ ಕೆಲಸ ಆಗುತ್ತದೆ.

ಜೀವಕೋಶ ಒಂದು ಎರಡಾಗುವಾಗ ತನ್ನ ಡಿಎನ್‌ಎಯನ್ನು ಪೂರ್ತಿ ನಕಲು ಮಾಡಿಕೊಳ್ಳಬೇಕು. ಒಂದು ಪ್ರತಿ ಎಂದರೆ ಸುಮಾರು 300 ಕೋಟಿ ಅಕ್ಷರ. ಪ್ರತಿ ಕೋಶದಲ್ಲಿ ಅಂಥ ಎರಡು ಪ್ರತಿ. ಒಂದೇ ಅಕ್ಷರ ಸಾಲಾಗಿ ಹತ್ತಿಪ್ಪತ್ತು ಸಲ ಬರುವ ಜಾಗಗಳಲ್ಲಿ ನಕಲು ಮಾಡುವ ಕಿಣ್ವ ಎಡವುತ್ತದೆ. ನಮ್ಮ ಎಪಿಎಂಸಿಯಲ್ಲಿ ತೊಗರಿ ಚೀಲ ಲಾರಿಗೆ ಏರುವಾಗ ಒಂದೇ ಥರದ ಚೀಲಗಳ ಸಾಲಿನಲ್ಲಿ ಎಣಿಸುವವನು ಒಂದು ಬಿಡುತ್ತಾನೆ, ಇಲ್ಲವೆ ಒಂದು ಹೆಚ್ಚು ಬರೆದುಕೊಳ್ಳುತ್ತಾನಲ್ಲ, ಇಲ್ಲಿ ಆಗುವುದೂ ಅದೇ. ಹಾಗೆ ತಪ್ಪಿದ ಜಾಗವನ್ನು ಗುರುತಿಸಿ, ಆ ತುಂಡನ್ನು ಕತ್ತರಿಸಿ ತೆಗೆದು, ಮತ್ತೆ ಸರಿಯಾಗಿ ಬರೆಸುವ ವ್ಯವಸ್ಥೆಯೇ ಮಿಸ್‌ಮ್ಯಾಚ್ ರಿಪೇರ್, ಚುಟುಕಾಗಿ ಎಂಎಂಆರ್. ಅದು ಕೆಲಸ ಮಾಡುವ ಬಗೆಯನ್ನು ಬಿಡಿಸಿ ತೋರಿಸಿದ ಪಾಲ್ ಮಾಡ್ರಿಚ್ ಅವರಿಗೆ 2015ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಈ ವ್ಯವಸ್ಥೆಯಲ್ಲಿ ನಮಗೆ ಮುಖ್ಯವಾದ ಪ್ರೊಟೀನ್‌ಗಳು ನಾಲ್ಕು: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಇವು ಜೋಡಿಯಾಗಿ ದುಡಿಯುತ್ತವೆ. ಎಂಎಲ್‌ಎಚ್1 ಜೊತೆ ಪಿಎಂಎಸ್2, ಎಂಎಸ್‌ಎಚ್2 ಜೊತೆ ಎಂಎಸ್‌ಎಚ್6. ಎಂಎಲ್‌ಎಚ್1 ಇಲ್ಲವಾದರೆ ಪಿಎಂಎಸ್2 ಒಂಟಿಯಾಗಿ ಉಳಿಯದೆ ಕರಗಿಹೋಗುತ್ತದೆ. ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6 ಕೂಡ ಹಾಗೇ. ತಿರುಗಾಮುರುಗಾ ಆಗುವುದಿಲ್ಲ: ಪಿಎಂಎಸ್2 ಮಾತ್ರ ಹೋದಾಗ ಎಂಎಲ್‌ಎಚ್1 ಉಳಿದಿರುತ್ತದೆ. ಈ ಸಣ್ಣ ವಿಚಾರವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಖರ್ಚಿನ ಲೆಕ್ಕ ಬಂದಾಗ ಬೇಕಾಗುತ್ತದೆ.

ಪರೀಕ್ಷೆ ಮಾಡುವ ವಿಧಾನ ಹೊಸದೇನಲ್ಲ. ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕಿನಿಂದ ಮೂರು-ನಾಲ್ಕು ಮೈಕ್ರಾನ್ ದಪ್ಪದ ಪದರ ಕತ್ತರಿಸಿ, ಪ್ರತಿಕಾಯ ಹಾಕಿ, ಬಣ್ಣ ಬರಿಸುವುದು. ಸ್ತನ ಕ್ಯಾನ್ಸರ್‌ನಲ್ಲಿ ಇಆರ್, ಪಿಆರ್, ಹರ್-2 ನೋಡಲು ಬಳಸುವ ಐಎಚ್‌ಸಿ ಇದೆಯಲ್ಲ, ಅದೇ. ಪ್ರೊಟೀನ್ ಇದ್ದರೆ ಕೋಶದ ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲದಿದ್ದರೆ ತಿಳಿ ನೀಲಿಯಾಗಿ ಉಳಿಯುತ್ತದೆ. ಇದರ ಸೊಗಸು ಏನೆಂದರೆ ಗಡ್ಡೆಯ ನಡುವೆಯೇ ರೋಗಿಯ ಆರೋಗ್ಯವಂತ ಲಿಂಫೋಸೈಟ್‌ಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಕುಳಿತಿರುತ್ತವೆ. ಅವು ಕಂದಾಗಿ ಗಡ್ಡೆ ಮಾತ್ರ ನೀಲಿಯಾಗಿದ್ದರೆ ಪ್ರೊಟೀನ್ ನಿಜವಾಗಿಯೂ ಕಾಣೆಯಾಗಿದೆ ಎಂದು ಧೈರ್ಯವಾಗಿ ಬರೆಯಬಹುದು. ಎರಡೂ ನೀಲಿಯಾಗಿದ್ದರೆ ಸಾಮಾನ್ಯವಾಗಿ ಪರೀಕ್ಷೆ ಕೆಟ್ಟಿದೆ ಎಂದೇ ಅರ್ಥ.

ದೊಡ್ಡ ಕರುಳಿನ ಕ್ಯಾನ್ಸರ್ ಇರುವ ನೂರು ಜನರಲ್ಲಿ ಸುಮಾರು 15 ಜನರ ಗಡ್ಡೆಯಲ್ಲಿ ಈ ದುರಸ್ತಿ ಕೆಟ್ಟಿರುತ್ತದೆ. ಗೊತ್ತಾದರೆ ಏನು ಬದಲಾಗುತ್ತದೆ? ಚಿಕಿತ್ಸೆಯೇ ಬದಲಾಗುತ್ತದೆ. ಎರಡನೇ ಹಂತದಲ್ಲಿ ಸಿಕ್ಕ, ದುರಸ್ತಿ ಕೆಟ್ಟ ಗಡ್ಡೆಗೆ ಆಪರೇಷನ್ ನಂತರ ಬರೀ 5-ಎಫ್‌ಯು ಅಥವಾ ಕ್ಯಾಪೆಸಿಟಾಬಿನ್ ಎಂಬ ಕೀಮೋ ಔಷಧ ಕೊಡುವುದರಿಂದ ಲಾಭವಿಲ್ಲ. ಅಂಥವರು ಕೀಮೋ ಇಲ್ಲದೆಯೂ ಚೆನ್ನಾಗಿಯೇ ಇರುತ್ತಾರೆ. ಅಂದರೆ ಚಿಂಚೋಳಿಯ ಕೂಲಿಯವನೊಬ್ಬ ಆರು ತಿಂಗಳು ಬಸ್ಸು ಹತ್ತಿಳಿದು, ಕೈಕಾಲು ಸುಲಿಸಿಕೊಂಡು, ದುಡಿಮೆ ಬಿಟ್ಟು ನುಂಗುವ ಗುಳಿಗೆ ಅವನಿಗೆ ಬೇಕೇ ಇರಲಿಲ್ಲ ಎಂಬುದು ಈ ಒಂದು ಪರೀಕ್ಷೆಯಿಂದ ಮೊದಲೇ ತಿಳಿಯುತ್ತದೆ. ಸರ್ಕಾರಿ ಯೋಜನೆಯಲ್ಲಿ ಚಿಕಿತ್ಸೆಯ ಬಿಲ್ಲು ಕಟ್ಟುವ ಟ್ರಸ್ಟಿನವರು ಗಮನಿಸಬೇಕು: ಆ ಗುಳಿಗೆಯ ದುಡ್ಡೂ ನಿಮ್ಮದೇ.

ರೋಗ ಹರಡಿದವರ ವಿಷಯದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ದುರಸ್ತಿ ಕೆಟ್ಟ ಗಡ್ಡೆಯಲ್ಲಿ ತಪ್ಪುಗಳು ರಾಶಿ ಬೀಳುತ್ತವೆ, ಆ ತಪ್ಪುಗಳಿಂದ ವಿಚಿತ್ರ ಪ್ರೊಟೀನ್‌ಗಳು ಹುಟ್ಟುತ್ತವೆ, ಅವನ್ನು ಕಂಡು ದೇಹದ ರೋಗನಿರೋಧಕ ಕೋಶಗಳು ಗಡ್ಡೆಯ ಸುತ್ತ ಮುತ್ತಿಕೊಳ್ಳುತ್ತವೆ. ಆದರೆ ಗಡ್ಡೆ ಅವುಗಳ ಕೈ ಕಟ್ಟಿರುತ್ತದೆ. ಆ ಕಟ್ಟು ಬಿಚ್ಚುವ ಇಮ್ಯುನೊಥೆರಪಿ ಇಂಥವರಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕೀನೋಟ್-177 ಎಂಬ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು: ಕೀಮೋ ಪಡೆದವರಲ್ಲಿ ರೋಗ ಮತ್ತೆ ಹೆಚ್ಚಾಗುವವರೆಗಿನ ಮಧ್ಯಮ ಅವಧಿ 8.2 ತಿಂಗಳಾದರೆ, ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧ ಪಡೆದವರಲ್ಲಿ 16.5 ತಿಂಗಳು. 2022ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು ದುರಸ್ತಿ ಕೆಟ್ಟ ಗುದನಾಳದ ಕ್ಯಾನ್ಸರ್ ಇದ್ದವರಿಗೆ ಅಂಥದೇ ಇನ್ನೊಂದು ಔಷಧ ಡೋಸ್ಟಾರ್ಲಿಮ್ಯಾಬ್ ಕೊಟ್ಟು ನೋಡಿದಾಗ, ಚಿಕಿತ್ಸೆ ಮುಗಿಸಿದ ಮೊದಲ 12 ಜನರಲ್ಲಿ 12 ಜನರಿಗೂ ಗಡ್ಡೆ ಕಾಣದಂತೆ ಹೋಯಿತು. ಆಪರೇಷನ್ ಇಲ್ಲ, ರೇಡಿಯೇಷನ್ ಇಲ್ಲ, ಮಲ ಹೋಗಲು ಹೊಟ್ಟೆಗೆ ಕಟ್ಟುವ ಚೀಲ ಇಲ್ಲ. ಹೊಲದಲ್ಲಿ ಬಗ್ಗಿ ದುಡಿಯುವವನು ನಮ್ಮ ಬೇಸಿಗೆಯಲ್ಲಿ ಆ ಚೀಲ ಕಟ್ಟಿಕೊಂಡು ಹೇಗೆ ಬದುಕುತ್ತಾನೆ ಎಂಬುದನ್ನು ಸರ್ಜನ್‌ಗಳನ್ನು ಕೇಳಿ.

ಇಮ್ಯುನೊಥೆರಪಿಯ ಬೆಲೆ ನನಗೆ ಗೊತ್ತಿಲ್ಲದ್ದೇನಲ್ಲ. ಪೂರ್ತಿ ಡೋಸು ಎಂದರೆ ಪ್ರತಿ ಸಲವೂ ಲಕ್ಷದ ಮಾತು. ಮುಂಬೈನ ಟಾಟಾ ಮೆಮೋರಿಯಲ್‌ನವರು ತಲೆ-ಕುತ್ತಿಗೆ ಕ್ಯಾನ್ಸರ್‌ನಲ್ಲಿ ಇದೇ ಗುಂಪಿನ ನಿವೊಲುಮ್ಯಾಬನ್ನು ಬರೀ 20 ಮಿಲಿಗ್ರಾಂನಂತೆ ಕೊಟ್ಟು ಉಪಯೋಗ ತೋರಿಸಿದ್ದಾರೆ. ಔಷಧದ ಬೆಲೆ ಇಳಿಸುವ ದಾರಿಗಳು ಇಲ್ಲಿಯೂ ಹುಟ್ಟುತ್ತಿವೆ. ಆದರೆ ನನ್ನ ಪತ್ರ ಔಷಧದ ಬಗ್ಗೆ ಅಲ್ಲ. ಔಷಧ ಇವತ್ತು ಕೈಗೆಟುಕದಿದ್ದರೂ ಪರೀಕ್ಷೆ ಬೇಕೇ ಬೇಕು ಎನ್ನಲು ಬೇರೆಯದೇ ಕಾರಣವಿದೆ, ಮತ್ತು ಅದೇ ನನಗೆ ಎಲ್ಲಕ್ಕಿಂತ ಮುಖ್ಯ.

ಆ 15 ಜನರಲ್ಲಿ ಹೆಚ್ಚಿನವರಿಗೆ ದೋಷ ಗಡ್ಡೆಯಲ್ಲಿ ಮಾತ್ರ ಇರುತ್ತದೆ, ವಯಸ್ಸಾದ ಮೇಲೆ ಹುಟ್ಟಿಕೊಂಡದ್ದು. ಆದರೆ ಸುಮಾರು ಮೂರು ಜನರಿಗೆ ಅದು ಹುಟ್ಟಿನಿಂದಲೇ ಬಂದಿರುತ್ತದೆ, ಅಪ್ಪನಿಂದಲೋ ಅವ್ವನಿಂದಲೋ. ಇದಕ್ಕೆ ಲಿಂಚ್ ಸಿಂಡ್ರೋಮ್ ಎನ್ನುತ್ತಾರೆ. ಅಂಥವರ ಪ್ರತಿಯೊಂದು ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ದೊಡ್ಡ ಕರುಳಿನ ಜೊತೆಗೆ ಗರ್ಭಚೀಲ, ಅಂಡಾಶಯ, ಜಠರ, ಮೂತ್ರನಾಳದ ಕ್ಯಾನ್ಸರ್‌ಗಳೂ ಆ ಮನೆಗಳಲ್ಲಿ ಕಾಣಿಸಿಕೊಳ್ಳುತ್ತವೆ, ಅದೂ ಎಷ್ಟೋ ಸಲ ಐವತ್ತರ ಒಳಗೆ.

ಅಮೆರಿಕದ ಆ್ಯನ್ ಆರ್ಬರ್‌ನಲ್ಲಿ ಆಲ್ಡ್ರೆಡ್ ವಾರ್ತಿನ್ ಎಂಬ ಪೆಥಾಲಜಿಸ್ಟ್ ಇದ್ದರು. 1895ರಲ್ಲಿ ಅವರಿಗೆ ಪರಿಚಯದ ಒಬ್ಬ ಹೊಲಿಗೆಯಾಕೆ, ನಮ್ಮ ಮನೆಯಲ್ಲಿ ಎಲ್ಲರೂ ಇದರಿಂದಲೇ ಹೋದರು, ನಾನೂ ಹೀಗೇ ಹೋಗುತ್ತೇನೆ ಎಂದು ಹೇಳಿಕೊಂಡಳು. ಆಕೆ ಗರ್ಭಚೀಲದ ಕ್ಯಾನ್ಸರ್‌ನಿಂದಲೇ ತೀರಿಹೋದಳು. ವಾರ್ತಿನ್ ಅವಳ ಮನೆತನದ ಬೆನ್ನು ಹತ್ತಿ 1913ರಲ್ಲಿ ಪ್ರಕಟಿಸಿದರು. ಯಾರೂ ಹೆಚ್ಚು ಗಮನ ಕೊಡಲಿಲ್ಲ. ಹೆನ್ರಿ ಲಿಂಚ್ 1966ರಲ್ಲಿ ಅಂಥದೇ ಮನೆತನಗಳನ್ನು ವಿವರಿಸಿದ ಮೇಲೂ ನಂಬಿದವರು ಕಡಿಮೆ. ವಂಶವಾಹಿಗಳು ಸಿಕ್ಕಿದ್ದು 1993-94ರಲ್ಲಿ. ಒಂದು ಹೆಣ್ಣುಮಗಳು ಹೇಳಿದ್ದನ್ನು ವಿಜ್ಞಾನ ಒಪ್ಪಲು ನೂರು ವರ್ಷ ಹಿಡಿಯಿತು. ಈ ಕಥೆಯನ್ನು ವಿದ್ಯಾರ್ಥಿಗಳಿಗೆ ಹೇಳುವಾಗಲೆಲ್ಲ ನನಗೆ ಅನ್ನಿಸುತ್ತಿದ್ದುದು, ಆಕೆ ಕನಿಷ್ಠ ತನ್ನ ಮನೆಯವರು ಯಾವುದರಿಂದ ಸತ್ತರು ಎಂದು ಹೇಳಬಲ್ಲವಳಾಗಿದ್ದಳು ಎಂದು.

ನಮ್ಮಲ್ಲಿ ಆ ಮಾತೇ ಸಿಗುವುದಿಲ್ಲ. ಯಾದಗಿರಿ ಕಡೆಯ ಹಳ್ಳಿಯಿಂದ ಬಂದ, ಇನ್ನೂ ನಲವತ್ತು ದಾಟದ ರೋಗಿಯನ್ನು ಕೇಳಿ ನೋಡಿ. "ಅಪ್ಪ ಹೆಂಗ ತೀರಿಕೊಂಡ್ರು?" "ಹೊಟ್ಟಿಬ್ಯಾನಿ ಬಂದು ಹೋದ್ರಿ." "ಮುತ್ಯಾ?" "ನಾ ಸಣ್ಣಾವ ಇದ್ದೆ, ಗೊತ್ತಿಲ್ರಿ." "ಅತ್ತಿ?" "ಅಕಿಗೆ ಮೈಮ್ಯಾಲೆ ಭಾಳ ಹೋಗತಿತ್ರಿ, ಪುಣೆಗೆ ದುಡ್ಯಾಕ ಹೋದಾಗ ಅಲ್ಲೇ ತೀರಿದ್ಲು." ಆ ಹೊಟ್ಟಿಬ್ಯಾನಿ ಕರುಳಿನ ಕ್ಯಾನ್ಸರ್ ಆಗಿತ್ತೇ, ಆ ರಕ್ತಸ್ರಾವ ಗರ್ಭಚೀಲದ ಕ್ಯಾನ್ಸರ್ ಆಗಿತ್ತೇ ಎಂದು ಹೇಳುವ ಒಂದು ಕಾಗದವೂ ಇಲ್ಲ. ಸಾವಿನ ದಾಖಲೆಯಲ್ಲಿ ಕಾರಣ ಬರೆದಿಲ್ಲ, ಬಯಾಪ್ಸಿ ಆಗಿಲ್ಲ. ಹೆಳವರು ಬಂದು ಎತ್ತಿನ ಮೇಲೆ ಕೂತು ಏಳು ತಲೆಮಾರಿನ ಹೆಸರು ತಪ್ಪದೆ ಹೇಳುತ್ತಾರೆ. ಯಾರು ಯಾವ ಬ್ಯಾನಿಗೆ ಸತ್ತರು ಎಂಬುದು ಅವರ ಕಟ್ಟಿನಲ್ಲೂ ಇಲ್ಲ. ರಕ್ತ ಬೀಳುತ್ತಿದ್ದರೆ ಮೂಲವ್ಯಾಧಿ ಎಂದು ಬಸ್ ಸ್ಟ್ಯಾಂಡ್ ಪಕ್ಕದ ಬೋರ್ಡು ನೋಡಿ ಇಂಜೆಕ್ಷನ್ ಹಾಕಿಸಿಕೊಂಡು ಸುಮ್ಮನಾಗುವುದು ಬೇರೆ.

ಆದ್ದರಿಂದಲೇ, ಕುಟುಂಬದ ಇತಿಹಾಸ ನೋಡಿ ಆಯ್ದವರಿಗೆ ಮಾತ್ರ ಪರೀಕ್ಷೆ ಮಾಡಿ ಎಂಬ ಹಳೇ ಪದ್ಧತಿ ನಮ್ಮ ಭಾಗಕ್ಕೆ ಒಗ್ಗುವುದೇ ಇಲ್ಲ. ಆ್ಯಮ್‌ಸ್ಟರ್‌ಡ್ಯಾಮ್ ಮಾನದಂಡ ಎಂದು 1991ರಲ್ಲಿ ಒಂದು ಮಾಡಿದ್ದರು: ಮೂರು ಜನ ರಕ್ತಸಂಬಂಧಿಗಳಿಗೆ, ಎರಡು ತಲೆಮಾರಿನಲ್ಲಿ, ಒಬ್ಬರಿಗಾದರೂ ಐವತ್ತರೊಳಗೆ ಕ್ಯಾನ್ಸರ್ ಆಗಿರಬೇಕು. ಎಲ್ಲ ದಾಖಲೆ ಇಟ್ಟುಕೊಳ್ಳುವ ದೇಶಗಳಲ್ಲೇ ಅದು ಬಹಳ ಮನೆಗಳನ್ನು ಬಿಟ್ಟುಬಿಡುತ್ತಿತ್ತು. ಅಮೆರಿಕದ ತಜ್ಞರ ಸಮಿತಿಯೊಂದು 2009ರಲ್ಲಿ, ಬ್ರಿಟನ್ನಿನ ನೈಸ್ ಸಂಸ್ಥೆ 2017ರಲ್ಲಿ, ಹೊಸದಾಗಿ ಪತ್ತೆಯಾದ ಎಲ್ಲ ದೊಡ್ಡ ಕರುಳಿನ ಕ್ಯಾನ್ಸರ್ ರೋಗಿಗಳಿಗೂ ಪರೀಕ್ಷೆ ಮಾಡಬೇಕೆಂದು ಹೇಳಿದವು. ದಾಖಲೆ ಇರುವವರಿಗೇ ಅದು ಬೇಕಾಯಿತು ಎಂದ ಮೇಲೆ, ದಾಖಲೆಯೇ ಇಲ್ಲದ ಔರಾದ್, ಗುರುಮಠಕಲ್, ಆಳಂದದವರಿಗೆ ಎಷ್ಟು ಬೇಕು? ಇಲ್ಲಿ ಮನೆತನದ ಬಗ್ಗೆ ಸುಳ್ಳು ಹೇಳದ ಸಾಕ್ಷಿ ಒಂದೇ, ಆ ಕರುಳಿನ ತುಣುಕು. ಅದನ್ನು ಕೇಳದೆ ಮುಚ್ಚಿಡುತ್ತಿದ್ದೇವೆ.

ಗೊತ್ತಾದ ಮನೆಯವರಿಗೆ ಮಾಡುವುದಕ್ಕೆ ಕೆಲಸ ಬೇಕಾದಷ್ಟಿದೆ. ರೋಗಿಯ ರಕ್ತದಲ್ಲಿ ವಂಶವಾಹಿಯ ದೋಷ ಖಚಿತವಾದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಅದೊಂದೇ ದೋಷಕ್ಕೆ ಪರೀಕ್ಷೆ ಮಾಡಿಸಿಕೊಳ್ಳಬಹುದು. ಇಲ್ಲದವರು ನಿಶ್ಚಿಂತೆಯಿಂದ ಮನೆಗೆ ಹೋಗಬಹುದು. ಇದ್ದವರು, ಎಂಎಲ್‌ಎಚ್1 ಅಥವಾ ಎಂಎಸ್‌ಎಚ್2 ಆಗಿದ್ದರೆ, ಸುಮಾರು 25ನೇ ವಯಸ್ಸಿನಿಂದ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕೊಲೊನೊಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳು ನೋಡುವುದು) ಮಾಡಿಸಿಕೊಳ್ಳಬೇಕು. ಗಂಟು ಚಿಕ್ಕದಿರುವಾಗಲೇ ಅದೇ ಕೊಳವೆಯಿಂದ ತೆಗೆದುಬಿಡಬಹುದು. ಫಿನ್ಲೆಂಡಿನಲ್ಲಿ ಇಂಥ ಮನೆತನಗಳನ್ನು 15 ವರ್ಷ ಹಿಂಬಾಲಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವರ್ಷಕ್ಕೊಮ್ಮೆ ನೋಡಿದ್ದಕ್ಕೇ ಕರುಳಿನ ಕ್ಯಾನ್ಸರ್ ಶೇ 62ರಷ್ಟು ಕಡಿಮೆಯಾಗಿತ್ತು. ಕ್ಯಾಪ್-2 ಎಂಬ ಪ್ರಯೋಗದಲ್ಲಿ ಎರಡು ವರ್ಷ ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್ ನುಂಗಿದವರಲ್ಲೂ ಮುಂದಿನ ವರ್ಷಗಳಲ್ಲಿ ಕ್ಯಾನ್ಸರ್ ಕಡಿಮೆಯಾಯಿತು. ಆಸ್ಪಿರಿನ್‌ಗಿಂತ ಅಗ್ಗದ ಗುಳಿಗೆ ಯಾವುದಿದೆ ಹೇಳಿ. ವೈದ್ಯರನ್ನು ಕೇಳದೆ ಯಾರೂ ಶುರು ಮಾಡಬಾರದು, ಅಷ್ಟೇ.

ಇನ್ನೊಂದು ವಿಚಾರವನ್ನು ನಮ್ಮ ಭಾಗದವರೇ ಹೇಳಬೇಕು, ಬೆಂಗಳೂರಿನವರಿಗೆ ಅದು ಅಷ್ಟಾಗಿ ಹೊಳೆಯುವುದಿಲ್ಲ. ಅಕ್ಕನ ಮಗಳು, ಸೋದರತ್ತೆ ಮಗಳು ಎಂದು ಸಂಬಂಧದಲ್ಲೇ ಲಗ್ನ ಮಾಡುವುದು ನಮ್ಮಲ್ಲಿ ಹೊಸದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಇಂಥ ಮದುವೆಗಳ ಪ್ರಮಾಣ ಕಾಲು ಭಾಗಕ್ಕೂ ಮೇಲಿತ್ತು. ನಾನೂ ಅಂಥ ಮನೆಯವನೇ, ಸೋದರಿಕೆಯನ್ನು ಬೈಯಲು ಹೊರಟಿಲ್ಲ. ಆದರೆ ಲಿಂಚ್ ಇರುವ ಮನೆತನದಲ್ಲಿ ಗಂಡ-ಹೆಂಡತಿ ಇಬ್ಬರಿಗೂ ಅದೇ ದೋಷ ಇದ್ದರೆ, ನಾಲ್ಕರಲ್ಲಿ ಒಂದು ಮಗುವಿಗೆ ಎರಡೂ ಕಡೆಯಿಂದ ಬರುವ ಸಾಧ್ಯತೆ ಇರುತ್ತದೆ. ಆಗ ರೋಗ ನಲವತ್ತಕ್ಕೆ ಕಾಯುವುದಿಲ್ಲ. ಮಕ್ಕಳಲ್ಲೇ ಮಿದುಳಿನ ಗಡ್ಡೆ, ರಕ್ತದ ಕ್ಯಾನ್ಸರ್, ಕರುಳಿನ ಕ್ಯಾನ್ಸರ್ ಬರುತ್ತವೆ, ಮೈಮೇಲೆ ಕಾಫಿ ಬಣ್ಣದ ಮಚ್ಚೆಗಳು ಕಾಣುತ್ತವೆ. ನನ್ನ ಕಿರಿಯ ಪೆಥಾಲಜಿಸ್ಟ್‌ಗಳಿಗೆ ಇಲ್ಲಿಯೇ ಒಂದು ಮಾತು: ಗಡ್ಡೆಯೂ ನೀಲಿ, ಲಿಂಫೋಸೈಟೂ ನೀಲಿ ಇದ್ದರೆ ಪರೀಕ್ಷೆ ಕೆಟ್ಟಿದೆ ಎಂದು ಮೇಲೆ ಬರೆದೆ. ರೋಗಿ ಎಳೆಯ ವಯಸ್ಸಿನವನಾಗಿದ್ದರೆ, ತಂದೆತಾಯಿ ಸಂಬಂಧಿಕರಾಗಿದ್ದರೆ, ಬ್ಲಾಕನ್ನು ಬೈದು ಸುಮ್ಮನಾಗಬೇಡಿ. ಈ ಮಕ್ಕಳ ಆರೋಗ್ಯವಂತ ಕೋಶದಲ್ಲೂ ಆ ಪ್ರೊಟೀನ್ ಇರುವುದಿಲ್ಲ.

ಇನ್ನು ನಮ್ಮ ಮನೆಯ ಹುಳುಕಿಗೆ ಬರುತ್ತೇನೆ. ಮಂಡಳಿ ನಾಳೆಯೇ ಕೋಟಿ ಬೆಲೆಯ ಯಂತ್ರ ತಂದು ಕೂರಿಸಿದರೂ, ತಾಲೂಕಿನಿಂದ ಬರುವ ತುಣುಕು ಕೊಳೆತಿದ್ದರೆ ಏನೂ ಪ್ರಯೋಜನವಿಲ್ಲ. ಕರುಳಿನ ತುಂಡು ಸಲೈನಿನಲ್ಲಿ ತೇಲುತ್ತ ಬರುವುದುಂಟು. ಬಾಯಿ ಸಣ್ಣಗಿರುವ ಬಾಟಲಿಗೆ ತುರುಕಿ, ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರಾವಣವನ್ನು ಮುಳುಗುವಷ್ಟೂ ಹಾಕದೆ, ಏಪ್ರಿಲ್-ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ, ರೋಗಿಯ ಅಣ್ಣನ ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಬಸ್ಸಿನಲ್ಲಿ ಬರುವುದುಂಟು. ಹೊರಗೆ ಗಟ್ಟಿ, ಒಳಗೆ ಕೊಳೆತ ಮಾಂಸ. ಅಂಥ ತುಂಡಿನಲ್ಲಿ ಕ್ಯಾನ್ಸರ್ ಇದೆ ಎಂದು ಹೇಗೋ ಹೇಳಬಹುದು, ಪ್ರೊಟೀನ್ ಇದೆಯೋ ಇಲ್ಲವೋ ಎಂದು ಹೇಳಲಾಗದು. ಬೇಕಾದದ್ದು ಸಣ್ಣದು: 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್, ತುಂಡಿನ ಹತ್ತು ಪಟ್ಟು, ಅಗಲ ಬಾಯಿಯ ಡಬ್ಬಿ, ದೊಡ್ಡ ಕರುಳಾದರೆ ಉದ್ದಕ್ಕೆ ಸೀಳಿ ತೆರೆದಿಡುವುದು, ಡಬ್ಬಿಯ ಮೇಲೆ ಎಷ್ಟು ಗಂಟೆಗೆ ತೆಗೆದದ್ದು, ಎಷ್ಟು ಗಂಟೆಗೆ ಮುಳುಗಿಸಿದ್ದು ಎಂದು ಬರೆಯುವುದು. ಫಾರ್ಮಲಿನ್‌ನಲ್ಲಿ ಇರುವುದು 6 ಗಂಟೆಗಿಂತ ಕಡಿಮೆಯಾದರೂ ಕಷ್ಟ, 72 ಗಂಟೆ ಮೀರಿದರೂ ಕಷ್ಟ. ಮಂಡಳಿಯ ಅನುದಾನದಲ್ಲಿ ಇದಕ್ಕಿಂತ ಕಡಿಮೆ ಖರ್ಚಿನ, ಇದಕ್ಕಿಂತ ಹೆಚ್ಚು ಫಲದ ಬಾಬ್ತು ನನಗಂತೂ ಕಾಣುವುದಿಲ್ಲ. ಶಿಲಾನ್ಯಾಸಕ್ಕೆ ಮಾತ್ರ ಒದಗುವುದಿಲ್ಲ, ನಿಜ. ಡಬ್ಬಿಗೆ ಯಾರು ಟೇಪು ಕತ್ತರಿಸುತ್ತಾರೆ?

ತುಂಡಿನ ಜೊತೆ ಬರುವ ಚೀಟಿಯ ಕಥೆಯೂ ಅಷ್ಟೇ. ಹೆಸರು, ವಯಸ್ಸು, "ಕೊಲೊನ್ ಗ್ರೋತ್". ಮುಗಿಯಿತು. ಗಡ್ಡೆ ಬಲಕ್ಕೋ ಎಡಕ್ಕೋ, ಮೊದಲೇ ಕೀಮೋ-ರೇಡಿಯೇಷನ್ ಆಗಿದೆಯೋ, ಒಂದಕ್ಷರವಿಲ್ಲ. ಇದು ಬರೀ ಶಿಸ್ತಿನ ಮಾತಲ್ಲ. ಗುದನಾಳದ ಕ್ಯಾನ್ಸರ್‌ಗೆ ಆಪರೇಷನ್‌ಗೆ ಮುಂಚೆ ಕೀಮೋ-ರೇಡಿಯೇಷನ್ ಕೊಟ್ಟಿದ್ದರೆ ಎಂಎಸ್‌ಎಚ್6 ಸುಮ್ಮನೆ ಕಾಣೆಯಾದಂತೆ ತೋರಬಹುದು. ಆ ಮನೆಯವರಿಗೆಲ್ಲ ವೃಥಾ ಭಯ. ಅದಕ್ಕೇ ಪರೀಕ್ಷೆಯನ್ನು ಮೊದಲ ಬಯಾಪ್ಸಿಯ ಮೇಲೆಯೇ ಮಾಡಬೇಕು. ಚಿಕ್ಕ ತುಣುಕಿಗೆ ಫಾರ್ಮಲಿನ್ ಚೆನ್ನಾಗಿ ಇಳಿಯುತ್ತದೆ, ಚಿಕಿತ್ಸೆ ನಿರ್ಧರಿಸುವ ಮೊದಲೇ ವರದಿ ಕೈಯಲ್ಲಿರುತ್ತದೆ.

ಈಗ ಖರ್ಚು. ಖಾಸಗಿ ಪ್ರಯೋಗಾಲಯಗಳಲ್ಲಿ ನಾಲ್ಕು ಪ್ರತಿಕಾಯಗಳ ಪರೀಕ್ಷೆಗೆ ಕೆಲವು ಸಾವಿರ ರೂಪಾಯಿ ಆಗುತ್ತದೆ. ಸ್ಲೈಡು ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಬರಬೇಕು. ಮೇಲೆ ಜೋಡಿಗಳ ಮಾತು ನೆನಪಿಡಿ ಎಂದಿದ್ದೆ. ಮೊದಲು ಪಿಎಂಎಸ್2 ಮತ್ತು ಎಂಎಸ್‌ಎಚ್6 ಎರಡನ್ನೇ ನೋಡಿದರೆ ಸಾಕು. ಯಾವ ಜೋಡಿ ಕೆಟ್ಟರೂ ಇವೆರಡರಲ್ಲೊಂದು ಕಾಣೆಯಾಗುತ್ತದೆ. ಎರಡೂ ಇದ್ದರೆ ಅಲ್ಲಿಗೇ ನಿಲ್ಲಿಸಬಹುದು, ಒಂದು ಇಲ್ಲದಿದ್ದರೆ ಉಳಿದೆರಡನ್ನು ಹಾಕಿದರಾಯಿತು. ಅಪರೂಪಕ್ಕೆ ಒಂದೊಂದು ತಪ್ಪಿಸಿಕೊಂಡೀತು. ಆದರೆ ನೂರರಲ್ಲಿ ಸುಮಾರು 85 ಜನರಿಗೆ ಎರಡೇ ಪ್ರತಿಕಾಯ, ಅಂದರೆ ಖರ್ಚು ಹೆಚ್ಚುಕಡಿಮೆ ಅರ್ಧ. ಹಣ ಕಡಿಮೆ ಎಂಬ ನೆಪಕ್ಕೆ ಇದು ನನ್ನ ಉತ್ತರ. ಹಣ ಕಡಿಮೆಯೂ ಇಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ, ಅದರಲ್ಲೂ ಇತ್ತೀಚಿನ ಬಜೆಟ್‌ಗಳಲ್ಲಿ 5,000 ಕೋಟಿ ರೂಪಾಯಿ ಎಂದು ಘೋಷಣೆಯಾಗುವ ಮಂಡಳಿಗೆ, ಇದು ಲೆಕ್ಕದ ಕೊನೆಯಲ್ಲಿ ಪೂರ್ಣಾಂಕ ಮಾಡುವಾಗ ಕಳೆದುಹೋಗುವಷ್ಟು ಮೊತ್ತ.

ಎಲ್ಲಿ ಮಾಡಬೇಕು ಎಂಬುದರಲ್ಲಿ ನನ್ನ ಹಟವಿಲ್ಲ. ಕಿದ್ವಾಯಿಯ ಕಲಬುರಗಿ ಕೇಂದ್ರವಿದೆ, ಜಿಮ್ಸ್ ಇದೆ. ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಎರಡೂ ಬ್ಲಾಕ್ ಮಾಡಿ ಕಳಿಸಬಲ್ಲವು. ಮೂರು ಜಿಲ್ಲೆಗೆ ಒಂದೇ ಕೇಂದ್ರ ಸಾಕು, ಎಲ್ಲೆಡೆ ಒಂದೊಂದು ತೆರೆದರೆ ತಿಂಗಳಿಗೆ ನಾಲ್ಕು ಕೇಸು ನೋಡುವ ಪ್ರಯೋಗಾಲಯದ ಕೈ ಪಳಗುವುದಿಲ್ಲ. ಬ್ಲಾಕ್‌ಗಳನ್ನು ಎಸೆಯಬಾರದು. ಚೆನ್ನಾಗಿ ಮಾಡಿದ ಮೇಣದ ಬ್ಲಾಕ್ ವರ್ಷಗಟ್ಟಲೆ ಇರುತ್ತದೆ. ಅಪ್ಪ ತೀರಿಹೋದ ಮೇಲೂ ಅವನ ಬ್ಲಾಕಿನಿಂದ ಮಗಳಿಗೆ ಉತ್ತರ ಸಿಗುತ್ತದೆ.

ವರದಿಯಲ್ಲಿ "ಎಂಎಲ್‌ಎಚ್1 ಇಲ್ಲ" ಎಂದು ಬಂದ ಕೂಡಲೇ ಮನೆತನದ ರೋಗ ಎಂದು ಸಾರಿಬಿಡಬಾರದು. ಅದು ಹೆಚ್ಚಾಗಿ ವಯಸ್ಸಾದವರ ಗಡ್ಡೆಯಲ್ಲಿ ತಾನಾಗಿ ಆಗುವಂಥದ್ದು. ಗಡ್ಡೆಯ ವಂಶವಾಹಿಯಲ್ಲಿ ಬ್ರಾಫ್ ವಿ600ಇ ಎಂಬ ಬದಲಾವಣೆ ಇದ್ದರೆ ಲಿಂಚ್ ಅಲ್ಲವೆಂದು ಬಹುಮಟ್ಟಿಗೆ ಹೇಳಬಹುದು. ಆ ಪರೀಕ್ಷೆಯನ್ನೂ ಜೊತೆಗೇ ಮಂಜೂರು ಮಾಡಿ. ಉಳಿದವರಿಗೆ ರಕ್ತದ ವಂಶವಾಹಿ ಪರೀಕ್ಷೆ. ರಕ್ತದ ಟ್ಯೂಬು ಕೊರಿಯರಿನಲ್ಲಿ ಹೋಗುತ್ತದೆ, ರೋಗಿ ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಷರತ್ತನ್ನು ಆದೇಶದಲ್ಲೇ ಬರೆಯಿರಿ ಎಂದು ಒತ್ತಿ ಕೇಳುತ್ತೇನೆ. ಲಿಂಚ್ ದೋಷ ಇರುವ ಹೆಂಗಸರು, ಮಕ್ಕಳಾದ ಮೇಲೆ, ತಿಳಿದು ಒಪ್ಪಿ ಗರ್ಭಚೀಲ ತೆಗೆಸಿಕೊಳ್ಳುವುದು ಒಂದು ಮಾನ್ಯ ದಾರಿ. ಆದರೆ ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳ ಗರ್ಭಚೀಲವನ್ನು ಅನಗತ್ಯವಾಗಿ ತೆಗೆಯಲಾಗಿದೆ ಎಂಬುದು ರಾಜ್ಯಕ್ಕೆಲ್ಲ ಸುದ್ದಿಯಾಗಿ, ತನಿಖೆ ನಡೆದ ಊರು ನಮ್ಮದು. "ಕ್ಯಾನ್ಸರ್ ಆಗ್ತದ, ತಗದ ಬಿಡೂಣು" ಎಂಬ ಒಂದು ಮಾತಿನಿಂದ ಆ ದಂಧೆ ನಡೆದಿತ್ತು. ಅದೇ ಮಾತಿಗೆ ಈಗ ವಿಜ್ಞಾನದ ಹೊಸ ಅಂಗಿ ತೊಡಿಸಿಕೊಡುವುದು ನನಗೆ ಬೇಡ. ವಂಶವಾಹಿ ವರದಿ, ಸಲಹೆಗಾರರ ಸಹಿ, ಎರಡನೇ ವೈದ್ಯರ ಅಭಿಪ್ರಾಯ, ಈ ಮೂರೂ ಇಲ್ಲದೆ ಯಾವ ಆಸ್ಪತ್ರೆಯೂ ಇದನ್ನು ಕಾರಣವಾಗಿ ತೋರಿಸಿ ಆಪರೇಷನ್ ಮಾಡಬಾರದು. ತೆಗೆದ ಪ್ರತಿಯೊಂದು ಗರ್ಭಚೀಲವೂ ಪೆಥಾಲಜಿಗೆ ಬರಬೇಕು.

ಗುಟ್ಟೂ ಉಳಿಯಬೇಕು. ಮನೆತನದಲ್ಲಿ ರೋಗವಿದೆ ಎಂದು ಊರಿಗೆ ಗೊತ್ತಾದರೆ ಹೆಣ್ಣು ತರುವವರು, ಕೊಡುವವರು ಹಿಂದೆ ಸರಿಯುತ್ತಾರೆ. ಆಶಾ ಕಾರ್ಯಕರ್ತೆಯ ರಿಜಿಸ್ಟರಿಗೆ, ವಾಟ್ಸ್‌ಆ್ಯಪ್ ಗುಂಪಿಗೆ ಈ ವರದಿ ಹೋಗಬಾರದು. ತಿಳಿಸುವುದಿದ್ದರೆ ರೋಗಿಗೆ, ಎದುರು ಕೂತು, ಕನ್ನಡದಲ್ಲಿ. ಕಲಬುರಗಿ-ಬೀದರಿನಲ್ಲಿ ಉರ್ದು ಬೇಕಾಗುತ್ತದೆ, ಔರಾದ್ ಕಡೆ ಮರಾಠಿಯೂ. ಒಂದೇ ಪುಟದ ಪತ್ರ ಸಾಕು, ರೋಗಿಯೇ ತನ್ನ ಅಣ್ಣನಿಗೆ, ತಂಗಿಗೆ ಕೊಡುವಂಥದ್ದು.

"ಇಲ್ಲಿ ಬಾಯಿ ಕ್ಯಾನ್ಸರ್, ಗರ್ಭಕೊರಳಿನ ಕ್ಯಾನ್ಸರ್‌ಗೇ ದಿಕ್ಕಿಲ್ಲ, ನಿಮ್ಮದೇನು ಈ ಸೂಕ್ಷ್ಮ?" ಎಂದು ನಿಮ್ಮಲ್ಲೇ ಯಾರಾದರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳು ಮೂರನ್ನು ತಪಾಸಣೆ ಮಾಡುತ್ತಾರೆ. ಕರುಳು ಆ ಪಟ್ಟಿಯಲ್ಲಿಲ್ಲ, ಊರಿಗೆಲ್ಲ ಕೊಲೊನೊಸ್ಕೋಪಿ ಮಾಡುವುದು ನಮ್ಮಿಂದ ಆಗುವ ಮಾತೂ ಅಲ್ಲ. ನಾನು ಕೇಳುತ್ತಿರುವುದು ಅದರ ತದ್ವಿರುದ್ಧ. ಈ ಪರೀಕ್ಷೆ ಯಾವ ಕೆಲವೇ ಮನೆಗಳಿಗೆ ಕೊಲೊನೊಸ್ಕೋಪಿ ನಿಜವಾಗಿ ಬೇಕು ಎಂದು ತೋರಿಸುತ್ತದೆ. ಇರುವ ಒಂದೆರಡು ಕೊಳವೆಗಳನ್ನು ಯಾರಿಗೆ ಬಳಸಬೇಕು ಎಂದು ಹೇಳುವ ಪರೀಕ್ಷೆ ಬಡ ಜಿಲ್ಲೆಗೇ ಮೊದಲು ಬೇಕು.

ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಿ, ಒಬ್ಬ ಸರ್ಜನ್, ಒಬ್ಬ ಕ್ಯಾನ್ಸರ್ ತಜ್ಞ, ಒಬ್ಬ ಪೆಥಾಲಜಿಸ್ಟನ್ನು ಕರೆದು ಕೇಳಿ. ಟ್ರಸ್ಟಿನವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕರುಳಿನ ಕ್ಯಾನ್ಸರ್ ಪ್ಯಾಕೇಜಿನೊಳಗೇ ಈ ಪರೀಕ್ಷೆಯನ್ನು ಸೇರಿಸಲಿ, ಪ್ರತ್ಯೇಕ ಪೂರ್ವಾನುಮತಿ ಕೇಳುವಂತೆ ಮಾಡಬೇಡಿ. ಪೂರ್ವಾನುಮತಿ ಬರುವಷ್ಟರಲ್ಲಿ ಕೀಮೋ ಶುರುವಾಗಿರುತ್ತದೆ. ಡಬ್ಬಿ, ಫಾರ್ಮಲಿನ್ ಮಾತ್ರ ಸಭೆಗೆ ಕಾಯಬೇಕಾಗಿಲ್ಲ, ಅದನ್ನು ಜಿಲ್ಲಾ ಸರ್ಜನ್ನರ ಮಟ್ಟದಲ್ಲೇ ಈ ಬೇಸಿಗೆಗೆ ಮುಂಚೆ ಕೊಡಿಸಬಹುದು. ತಂತ್ರಜ್ಞರಿಗೆ ಬಣ್ಣ ಹಾಕುವುದನ್ನು, ಕಿರಿಯ ವೈದ್ಯರಿಗೆ ಸ್ಲೈಡು ಓದುವುದನ್ನು ಹೇಳಿಕೊಡಲು ನಾನು ಸಂಬಳವಿಲ್ಲದೆ ಬರುತ್ತೇನೆ. ಎರಡು ತಲೆಯ ಮೈಕ್ರೋಸ್ಕೋಪು ಒಂದಿದ್ದರೆ ಸಾಕು.

ಇಂತಿ,
ನಿವೃತ್ತ ಪೆಥಾಲಜಿಸ್ಟ್, ಕಲಬುರಗಿ